ಹೋಳಿ

ಹೋಳಿ ಫಾಲ್ಗುಣ ಮಾಸದ ಹುಣ್ಣಿಮೆಯ ಸುತ್ತ ಆಚರಿಸುವ ಹಬ್ಬ. ಚಳಿಗಾಲ ಮುಗಿದು ವಸಂತ ಕಾಲಿಡುವ ಹೊತ್ತಿಗೆ ಇದು ಬರುತ್ತದೆ. ಹುಣ್ಣಿಮೆಯ ರಾತ್ರಿ ಬೆಂಕಿ ಹಾಕುವುದು, ಮರುದಿನ ಬಣ್ಣ ಆಡುವುದು ಇದರ ಎರಡು ಮುಖ್ಯ ಅಂಗಗಳು. ಉತ್ತರ ಭಾರತದಲ್ಲಿ ಈ ಬೆಂಕಿಗೆ ಹೋಲಿಕಾದಹನ ಎಂದೂ ಕರ್ನಾಟಕ, ತಮಿಳುನಾಡುಗಳಲ್ಲಿ ಕಾಮದಹನ ಎಂದೂ ಹೆಸರು. ಕನ್ನಡ ನಾಡಿನಲ್ಲಿ ಹಬ್ಬವನ್ನು ಹೋಳಿ ಹುಣ್ಣಿಮೆ, ಕಾಮನ ಹುಣ್ಣಿಮೆ, ಕಾಮನ ಹಬ್ಬ ಎಂದು ಕರೆಯುತ್ತಾರೆ. ಬಂಗಾಳ ಮತ್ತು ಒಡಿಶಾಗಳಲ್ಲಿ ಇದು ದೋಲ ಉತ್ಸವ, ಗೋವಾದಲ್ಲಿ ಶಿಗ್ಮೊ, ಮಹಾರಾಷ್ಟ್ರದಲ್ಲಿ ಶಿಮಗಾ, ಭೋಜಪುರಿ ಸೀಮೆಯಲ್ಲಿ ಫಗುವಾ, ಮಣಿಪುರದಲ್ಲಿ ಯಾವೊಶಾಂಗ್. ಊರೂರಿಗೆ ಕತೆ ಬೇರೆ, ದೇವರು ಬೇರೆ, ಆಡುವ ದಿನವೂ ಬೇರೆ. ಹಳೆಯದನ್ನು ಸುಟ್ಟು, ದೂರವಾದವರನ್ನು ಮತ್ತೆ ಹತ್ತಿರ ತರುವ ಆಶಯ ಮಾತ್ರ ಎಲ್ಲ ಕಡೆಗೂ ಒಂದೇ.

ಕಾಲ ಮತ್ತು ಪಂಚಾಂಗ

ಹಬ್ಬ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ, ಅಪರೂಪಕ್ಕೆ ಫೆಬ್ರವರಿಯ ಕೊನೆಯಲ್ಲಿ ಬೀಳುತ್ತದೆ. 2024ರಲ್ಲಿ ಬಣ್ಣದ ದಿನ ಮಾರ್ಚ್ 25ರಂದು, 2025ರಲ್ಲಿ ಮಾರ್ಚ್ 14ರಂದು ಬಂದಿತ್ತು. ಪಂಚಾಂಗದ ಲೆಕ್ಕದಲ್ಲಿ ಫಾಲ್ಗುಣವು ಶಿಶಿರ ಋತುವಿನ ಕೊನೆಯ ತಿಂಗಳು. ವಸಂತ ಮೊದಲಾಗುವುದು ಚೈತ್ರದಿಂದ. ಹಾಗಿದ್ದೂ ಹೋಳಿಯನ್ನು ವಸಂತೋತ್ಸವ ಎನ್ನುವುದಕ್ಕೆ ಕಾರಣ ತಿಂಗಳನ್ನು ಎಣಿಸುವ ಕ್ರಮದಲ್ಲಿದೆ. ಉತ್ತರ ಭಾರತದ ಹೆಚ್ಚಿನ ಭಾಗದಲ್ಲಿ ಪೂರ್ಣಿಮಾಂತ ಪದ್ಧತಿ ರೂಢಿಯಲ್ಲಿದೆ. ಅಲ್ಲಿ ಹುಣ್ಣಿಮೆಗೆ ಫಾಲ್ಗುಣ ಮುಗಿದು ಮರುದಿನವೇ ಚೈತ್ರದ ಕೃಷ್ಣಪಕ್ಷ ಆರಂಭವಾಗುತ್ತದೆ. ಆದ್ದರಿಂದ ಬೆಂಕಿ ಹಳೆಯ ತಿಂಗಳಿಗೂ ಬಣ್ಣ ಹೊಸ ತಿಂಗಳಿಗೂ ಸೇರುತ್ತವೆ. ಕರ್ನಾಟಕದಲ್ಲಿರುವುದು ಅಮಾಂತ ಪದ್ಧತಿ. ಇಲ್ಲಿ ಹುಣ್ಣಿಮೆಯ ಬಳಿಕವೂ ಫಾಲ್ಗುಣ ಅಮಾವಾಸ್ಯೆಯವರೆಗೆ ಮುಂದುವರಿದು, ಅದರ ಮರುದಿನ ಯುಗಾದಿ ಬರುತ್ತದೆ. ಕನ್ನಡಿಗರ ಪಾಲಿಗೆ ಹೋಳಿ ಸಂವತ್ಸರದ ಕೊನೆಯ ದೊಡ್ಡ ಹಬ್ಬ. ಸರಿಸುಮಾರು ಹದಿನೈದು ದಿನ ಕಳೆದರೆ ಬೇವು ಬೆಲ್ಲ.

ಬೆಂಕಿ ಹಾಕಲು ಹುಣ್ಣಿಮೆ ತಿಥಿ ಇರುವ ಪ್ರದೋಷಕಾಲ, ಅಂದರೆ ಸೂರ್ಯಾಸ್ತದ ನಂತರದ ಹೊತ್ತು, ಪ್ರಶಸ್ತ ಎಂದು ಧರ್ಮಶಾಸ್ತ್ರ ಗ್ರಂಥಗಳು ಹೇಳುತ್ತವೆ. ಪಂಚಾಂಗದಲ್ಲಿ ಅಶುಭವೆನ್ನುವ ಭದ್ರಾಕರಣದ ಹೊತ್ತಿನಲ್ಲಿ ಬೆಂಕಿ ಹಾಕಬಾರದೆಂಬ ನಿಯಮವಿದೆ. ಕೆಲವು ವರ್ಷ ಊರಿನಿಂದ ಊರಿಗೆ ಹಬ್ಬದ ದಿನ ಬದಲಾಗಲು ಇದು ಒಂದು ಕಾರಣ.

ಹಿಂಗಾರಿ ಬೆಳೆಯ ಕೊಯ್ಲಿಗೂ ಹಬ್ಬಕ್ಕೂ ಹತ್ತಿರದ ನಂಟಿದೆ. ಗೋಧಿ, ಜವೆಗೋಧಿ, ಕಡಲೆ ಬಲಿಯುವ ಕಾಲವಿದು. ಹೊಸ ಗೋಧಿಯ ತೆನೆ, ಕಡಲೆಯ ಹಸಿ ಗಿಡಗಳನ್ನು ಹೋಳಿಯ ಬೆಂಕಿಯಲ್ಲಿ ಸುಟ್ಟು ಪ್ರಸಾದವೆಂದು ಹಂಚಿ ತಿನ್ನುವ ರೂಢಿ ಉತ್ತರದ ಬಯಲಿನಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಇದೆ. ಹೊಸ ಬೆಳೆಯ ಮೊದಲ ತುತ್ತನ್ನು ಅಗ್ನಿಗೆ ಅರ್ಪಿಸಿ ಉಣ್ಣುವ ಹಳೆಯ ಪದ್ಧತಿಯ ಗುರುತು ಇದರಲ್ಲಿ ಕಾಣುತ್ತದೆ.

ಪ್ರಾಚೀನ ಉಲ್ಲೇಖಗಳು

ಹಬ್ಬದ ಹಳಮೆಗೆ ಗಟ್ಟಿ ಸಾಕ್ಷ್ಯಗಳಿವೆ. ಕಾಠಕ ಗೃಹ್ಯಸೂತ್ರದಲ್ಲಿ ‘ಹೋಲಾಕಾ’ ಎಂಬ ಹೆಸರು ಬರುತ್ತದೆ. ಜೈಮಿನಿಯ ಪೂರ್ವಮೀಮಾಂಸಾ ಸೂತ್ರಗಳಲ್ಲಿ ಹೋಲಾಕಾಧಿಕರಣ ಎಂಬ ಭಾಗವೇ ಇದೆ. ಒಂದು ಪ್ರಾಂತದ ಜನ ನಡೆಸಿಕೊಂಡು ಬಂದ ಆಚಾರ ಆ ಪ್ರಾಂತಕ್ಕೆ ಮಾತ್ರ ಸಲ್ಲುತ್ತದೆಯೋ ಎಲ್ಲರಿಗೂ ಸಲ್ಲುತ್ತದೆಯೋ ಎಂಬ ಪ್ರಶ್ನೆಯನ್ನು ಅಲ್ಲಿ ಚರ್ಚಿಸಲಾಗಿದೆ. ಹೋಲಾಕಾ ಪೂರ್ವದೇಶದವರ ಆಚರಣೆ ಎಂದು ಭಾಷ್ಯಕಾರ ಶಬರ ಉದಾಹರಿಸುತ್ತಾನೆ. ವಾತ್ಸ್ಯಾಯನನ ಕಾಮಸೂತ್ರವು ಜನ ಒಟ್ಟಾಗಿ ಆಡುವ ಆಟಗಳ ಸಾಲಿನಲ್ಲಿ ಹೋಲಾಕಾವನ್ನು ಹೆಸರಿಸುತ್ತದೆ.

7ನೆಯ ಶತಮಾನದ ದೊರೆ ಹರ್ಷನ ಹೆಸರಿನಲ್ಲಿರುವ ‘ರತ್ನಾವಳಿ’ ನಾಟಕದ ಮೊದಲ ಅಂಕದಲ್ಲಿ ಕೌಶಾಂಬಿ ನಗರದ ಮದನೋತ್ಸವದ ವರ್ಣನೆಯಿದೆ. ನಗರದ ಜನ ಪರಿಮಳದ ಪುಡಿಯನ್ನು ತೂರುತ್ತಾರೆ, ಕೊಂಬಿನಂಥ ಪಿಚಕಾರಿಯಿಂದ ನೀರು ಚಿಮ್ಮುತ್ತಾರೆ, ರಾಜ ಉದಯನ ಉಪ್ಪರಿಗೆಯಿಂದ ಅದನ್ನು ನೋಡುತ್ತಾನೆ. ಮದನನ ಪೂಜೆ, ಬಣ್ಣದ ಆಟ, ಬೆಂಕಿಯ ವಿಧಿ ಇವು ಮೊದಲು ಬೇರೆಬೇರೆಯಾಗಿದ್ದು ಕ್ರಮೇಣ ಒಂದೇ ಹಬ್ಬದಲ್ಲಿ ಬೆರೆತಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

ವಿಜಯನಗರದ ಕಾಲದ ಸಾಕ್ಷ್ಯಗಳು ಕನ್ನಡಿಗರಿಗೆ ವಿಶೇಷವಾಗಿ ಮುಖ್ಯ. 15ನೆಯ ಶತಮಾನದ ಮೊದಲ ಭಾಗದಲ್ಲಿ ವಿಜಯನಗರಕ್ಕೆ ಬಂದಿದ್ದ ಇಟಲಿಯ ಪ್ರವಾಸಿ ನಿಕೊಲೊ ಕೊಂಟಿ, ಇಲ್ಲಿನ ಒಂದು ಹಬ್ಬದಲ್ಲಿ ದಾರಿಹೋಕರ ಮೇಲೆಲ್ಲ ಕೇಸರಿ ಬಣ್ಣದ ನೀರು ಎರಚುತ್ತಿದ್ದರೆಂದೂ ರಾಜ ರಾಣಿಯರನ್ನೂ ಬಿಡುತ್ತಿರಲಿಲ್ಲವೆಂದೂ ಎಲ್ಲರೂ ಅದನ್ನು ನಗುನಗುತ್ತ ಸ್ವೀಕರಿಸುತ್ತಿದ್ದರೆಂದೂ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಪಿಚಕಾರಿ ಹಿಡಿದು ಓಕುಳಿಯಾಡುವ ಹೆಂಗಳೆಯರ ದೃಶ್ಯವಿದೆ. ಅಹೋಬಲ ಕವಿಯ ‘ವಿರೂಪಾಕ್ಷ ವಸಂತೋತ್ಸವ ಚಂಪು’ ಎಂಬ ಸಂಸ್ಕೃತ ಕೃತಿಯ ವಸ್ತುವೇ ಹಂಪಿಯ ವಿರೂಪಾಕ್ಷನ ವಸಂತೋತ್ಸವ.

ಮೊಘಲರ ಆಳ್ವಿಕೆಯಲ್ಲಿಯೂ ಹೋಳಿ ಅರಮನೆಯ ಹಬ್ಬವಾಗಿತ್ತು. ಜಹಾಂಗೀರ್ ಅಂತಃಪುರದಲ್ಲಿ ಹೋಳಿ ಆಡುವ ಕಿರುಚಿತ್ರಗಳು ಉಳಿದಿವೆ. ಆಗ್ರಾದ ಉರ್ದು ಕವಿ ನಜೀರ್ ಅಕ್ಬರಾಬಾದಿ ಹೋಳಿಯ ಮೇಲೆ ಹಲವು ಪದ್ಯಗಳನ್ನು ಬರೆದ. ಕೊನೆಯ ಬಾದಶಹ ಬಹಾದ್ದೂರ್ ಷಾ ಜಫರ್‌ನ ಹೆಸರಿನಲ್ಲಿಯೂ ಹೋಳಿ ಹಾಡುಗಳಿವೆ.

ಹಿನ್ನೆಲೆಯ ಕತೆಗಳು

ಹಬ್ಬದ ಮೂಲವನ್ನು ಹೇಳುವ ಕತೆಗಳಲ್ಲಿ ನಾಲ್ಕು ಮುಖ್ಯವಾದವು.

ಪ್ರಹ್ಲಾದ ಮತ್ತು ಹೋಲಿಕೆಯ ಕತೆ ಉತ್ತರ ಭಾರತದಲ್ಲಿ ಹೆಚ್ಚು ಪ್ರಚಾರದಲ್ಲಿದೆ. ದೈತ್ಯರಾಜ ಹಿರಣ್ಯಕಶಿಪು ತಾನೇ ದೇವರೆಂದು ಘೋಷಿಸಿಕೊಂಡರೂ ಮಗ ಪ್ರಹ್ಲಾದ ವಿಷ್ಣುಭಕ್ತಿಯನ್ನು ಬಿಡಲಿಲ್ಲ. ಬೆಂಕಿ ಸುಡದ ವರ ಪಡೆದಿದ್ದ ರಾಜನ ತಂಗಿ ಹೋಲಿಕೆ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತೆ ಏರಿದಳು. ಹೋಲಿಕೆ ಸುಟ್ಟು ಬೂದಿಯಾದಳು, ಪ್ರಹ್ಲಾದ ಉಳಿದ. ವರವನ್ನು ಕೇಡಿಗೆ ಬಳಸಿದರೆ ಅದು ಕಾಯುವುದಿಲ್ಲ ಎಂಬುದು ಕತೆಯ ತಿರುಳು. ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್ ಈ ಪ್ರಸಂಗ ನಡೆದ ಊರು ಎಂಬ ಐತಿಹ್ಯವಿದ್ದು, ಅಲ್ಲಿ ಪ್ರಹ್ಲಾದಪುರಿ ಎಂಬ ದೇಗುಲದ ಅವಶೇಷಗಳಿವೆ.

ಕಾಮದಹನದ ಕತೆ ದಕ್ಷಿಣದ ಹಬ್ಬಕ್ಕೆ ಆಧಾರ. ಶಿವನ ಮಗನಿಂದ ಮಾತ್ರ ಸಾವು ಎಂಬ ವರ ತಾರಕಾಸುರನಿಗಿತ್ತು. ಸತಿಯನ್ನು ಕಳೆದುಕೊಂಡ ಶಿವ ತಪಸ್ಸಿಗೆ ಕುಳಿತಿದ್ದ. ಅವನ ಮನಸ್ಸನ್ನು ಪಾರ್ವತಿಯ ಕಡೆಗೆ ತಿರುಗಿಸಲು ಇಂದ್ರ ಮನ್ಮಥನನ್ನು ಕಳಿಸಿದ. ಕಬ್ಬಿನ ಬಿಲ್ಲು, ದುಂಬಿಗಳ ಹೆದೆ, ಹೂವಿನ ಐದು ಬಾಣಗಳ ಮನ್ಮಥ ಗುರಿಯಿಟ್ಟಾಗ ಶಿವ ಹಣೆಗಣ್ಣು ತೆರೆದು ಅವನನ್ನು ಬೂದಿ ಮಾಡಿದ. ರತಿಯ ಅಳಲಿಗೆ ಮರುಗಿ, ಅವನು ದೇಹವಿಲ್ಲದೆ ಅನಂಗನಾಗಿ ಬದುಕುವಂತೆಯೂ ಮುಂದೆ ಕೃಷ್ಣ ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ ಹುಟ್ಟುವಂತೆಯೂ ವರವಾಯಿತು. ಹೋಲಿಕೆಯ ಕತೆಯಲ್ಲಿ ಸುಡುವುದು ಕೇಡನ್ನು. ಇಲ್ಲಿ ಸುಡುವುದು ಲೋಕ ನಡೆಯಲು ಬೇಕೇ ಬೇಕಾದ ಆಸೆಯನ್ನು. ಆದ್ದರಿಂದಲೇ ಕಾಮನ ಹಬ್ಬದಲ್ಲಿ ಕುಣಿತದ ಜೊತೆಗೆ ಅಳುವಿಗೂ ಎಡೆಯಿದೆ.

ಭವಿಷ್ಯ ಪುರಾಣದ ಪರಂಪರೆಯಲ್ಲಿ ಬರುವುದು ಢುಂಢಾ ಎಂಬ ರಾಕ್ಷಸಿಯ ಕತೆ. ರಘು ಮಹಾರಾಜನ ಕಾಲದಲ್ಲಿ ಅವಳು ಮಕ್ಕಳನ್ನು ಪೀಡಿಸುತ್ತಿದ್ದಳು. ದೇವತೆಗಳಿಂದ, ಮನುಷ್ಯರಿಂದ, ಆಯುಧಗಳಿಂದ ಸಾವಿಲ್ಲದ ಅವಳಿಗೆ ಮಕ್ಕಳ ತುಂಟತನವೊಂದೇ ಭಯ. ವಸಿಷ್ಠರ ಸಲಹೆಯಂತೆ ಮಕ್ಕಳು ಫಾಲ್ಗುಣದ ಹುಣ್ಣಿಮೆಯಂದು ಕಟ್ಟಿಗೆ ಕೂಡಿಹಾಕಿ ಬೆಂಕಿ ಹಚ್ಚಿ, ಅದರ ಸುತ್ತ ಚಪ್ಪಾಳೆ ತಟ್ಟಿ, ಕೂಗಾಡಿ, ಬಾಯಿಗೆ ಬಂದದ್ದನ್ನು ಅಂದು ಅವಳನ್ನು ಓಡಿಸಿದರು. ಹುಡುಗರು ಕಟ್ಟಿಗೆ ಕದಿಯುವುದಕ್ಕೂ ಬಾಯಿ ಬಡಿದುಕೊಂಡು ಕೂಗುವುದಕ್ಕೂ ಪುರಾಣದ ಒಪ್ಪಿಗೆ ಸಿಗುವುದು ಈ ಕತೆಯಿಂದ.

ನಾಲ್ಕನೆಯದು ರಾಧಾಕೃಷ್ಣರದು. ತಾನು ಕಪ್ಪು, ರಾಧೆ ಬಿಳುಪು ಎಂದು ಕೊರಗಿದ ಕೃಷ್ಣನಿಗೆ ಯಶೋದೆ, ಅವಳ ಮುಖಕ್ಕೂ ನಿನಗೆ ಬೇಕಾದ ಬಣ್ಣ ಹಚ್ಚು ಎಂದಳಂತೆ. ವ್ರಜಭೂಮಿಯ ಬಣ್ಣದಾಟಕ್ಕೆ ಇದೇ ಮೂಲವೆಂದು ಅಲ್ಲಿನ ಜನ ಹೇಳುತ್ತಾರೆ.

ವ್ರಜದ ಹೋಳಿ

ಉತ್ತರ ಪ್ರದೇಶದ ಮಥುರೆ, ವೃಂದಾವನ, ಗೋಕುಲ, ಬರ್ಸಾನಾ, ನಂದಗಾಂವ್‌ಗಳನ್ನೊಳಗೊಂಡ ವ್ರಜದಲ್ಲಿ ಹೋಳಿ ಒಂದು ದಿನದ ಹಬ್ಬವಲ್ಲ. ವಸಂತ ಪಂಚಮಿಯಂದೇ ದೇಗುಲಗಳಲ್ಲಿ ಗುಲಾಲು ಅರ್ಪಿಸಿ ಹೋಳಿ ಹಾಡುಗಳನ್ನು ಆರಂಭಿಸುತ್ತಾರೆ. ಸುಮಾರು ನಲವತ್ತು ದಿನ ಅದು ನಡೆಯುತ್ತದೆ. ಫಾಲ್ಗುಣ ಶುದ್ಧ ನವಮಿಯಂದು ರಾಧೆಯ ಊರಾದ ಬರ್ಸಾನಾಕ್ಕೆ ಕೃಷ್ಣನ ಊರಾದ ನಂದಗಾಂವ್‌ನ ಗಂಡಸರು ಬಣ್ಣವಾಡಲು ಬರುತ್ತಾರೆ. ಬರ್ಸಾನಾದ ಹೆಂಗಸರು ಉದ್ದನೆಯ ಕೋಲುಗಳಿಂದ ಅವರನ್ನು ಹೊಡೆಯುತ್ತಾರೆ, ಗಂಡಸರು ಗುರಾಣಿ ಹಿಡಿದು ತಪ್ಪಿಸಿಕೊಳ್ಳುತ್ತಾರೆ, ತಿರುಗಿ ಹೊಡೆಯುವಂತಿಲ್ಲ. ಮರುದಿನ ನಂದಗಾಂವ್‌ನಲ್ಲಿ ಇದೇ ಆಟ. ಇದಕ್ಕೆ ಲಠ್ಮಾರ್ ಹೋಳಿ ಎಂದು ಹೆಸರು. ವೃಂದಾವನದ ಬಾಂಕೆ ಬಿಹಾರಿ ದೇಗುಲದಲ್ಲಿ ಹೂವಿನ ಎಸಳುಗಳಿಂದ ಹೋಳಿ ಆಡುತ್ತಾರೆ. ಬಲದೇವ್ ಊರಿನ ದಾವೂಜಿ ದೇಗುಲದಲ್ಲಿ ಹೋಳಿಯ ನಂತರ ಹುರಂಗಾ ನಡೆಯುತ್ತದೆ. ಹೆಂಗಸರು ಗಂಡಸರ ಅಂಗಿಗಳನ್ನು ಹರಿದು, ಒದ್ದೆ ಮಾಡಿ, ಅವುಗಳಿಂದಲೇ ಅವರನ್ನು ಬಾರಿಸುತ್ತಾರೆ. ಫಾಲೇನ್ ಎಂಬ ಹಳ್ಳಿಯಲ್ಲಿ ವ್ರತ ಹಿಡಿದ ಪೂಜಾರಿ ಪ್ರಹ್ಲಾದನ ಹೆಸರಿನಲ್ಲಿ ಹೋಲಿಕೆಯ ಬೆಂಕಿಯನ್ನು ದಾಟುತ್ತಾನೆ.

ವೃಂದಾವನದಲ್ಲಿ ಸಾವಿರಾರು ವಿಧವೆಯರು ನೆಲೆಸಿದ್ದಾರೆ. ಬಿಳಿ ಸೀರೆಯುಟ್ಟು ಭಜನೆಯಲ್ಲಿ ದಿನ ಕಳೆಯುತ್ತಿದ್ದ ಅವರಿಗೆ ಬಣ್ಣ ನಿಷಿದ್ಧವಾಗಿತ್ತು. 2013ರಲ್ಲಿ ಸುಲಭ್ ಇಂಟರ್‌ನ್ಯಾಷನಲ್ ಸಂಸ್ಥೆಯ ನೆರವಿನಿಂದ ಅವರು ಹೋಳಿ ಆಡಿದರು. ಕೆಲವು ವರ್ಷಗಳಲ್ಲಿ ಆ ಆಟ ಆಶ್ರಮದ ಒಳಗಿಂದ ದೇಗುಲದ ಅಂಗಳಕ್ಕೂ ಬಂತು. ಹಬ್ಬದ ಆಧುನಿಕ ಚರಿತ್ರೆಯಲ್ಲಿ ಇದು ಬಹಳ ದೊಡ್ಡ ಹೆಜ್ಜೆ.

ಇತರ ಪ್ರಾಂತಗಳಲ್ಲಿ

ವಾರಾಣಸಿಯಲ್ಲಿ ಫಾಲ್ಗುಣ ಶುದ್ಧ ಏಕಾದಶಿಯನ್ನು ರಂಗಭರೀ ಏಕಾದಶಿ ಎನ್ನುತ್ತಾರೆ. ಶಿವ ಗೌರಿಯನ್ನು ಮನೆಗೆ ಕರೆತಂದ ದಿನವೆಂದು ಅಂದು ವಿಶ್ವನಾಥನಿಗೆ ಗುಲಾಲು ಏರಿಸುತ್ತಾರೆ. ಕುಮಾವೂ ಬೆಟ್ಟಗಳಲ್ಲಿ ಹೋಳಿ ಮುಖ್ಯವಾಗಿ ಹಾಡಿನ ಹಬ್ಬ. ರಾಗಬದ್ಧವಾಗಿ ಕುಳಿತು ಹಾಡುವುದು ಬೈಠಕೀ ಹೋಳಿ, ಸುತ್ತುಗಟ್ಟಿ ಕುಣಿಯುತ್ತ ಹಾಡುವುದು ಖಡೀ ಹೋಳಿ. ಪಂಜಾಬಿನ ಆನಂದಪುರ ಸಾಹಿಬ್‌ನಲ್ಲಿ ಗುರು ಗೋಬಿಂದ್ ಸಿಂಗ್ ಆರಂಭಿಸಿದ ಹೋಲಾ ಮೊಹಲ್ಲಾ ಹೋಳಿಯ ಆಸುಪಾಸಿನಲ್ಲಿಯೇ ಬರುತ್ತದೆ. ಅಲ್ಲಿ ನಿಹಂಗ್ ಸಿಖ್ಖರು ಕುದುರೆ ಸವಾರಿ, ಗತ್ಕಾ, ಕತ್ತಿವರಸೆಗಳನ್ನು ಪ್ರದರ್ಶಿಸುತ್ತಾರೆ. ಮಧ್ಯಪ್ರದೇಶದ ಝಾಬುವಾ ಸೀಮೆಯ ಭಿಲ್ಲರಿಗೆ ಹೋಳಿಗೆ ಮುನ್ನಿನ ವಾರದ ಸಂತೆಗಳೇ ಭಗೋರಿಯಾ ಹಬ್ಬ.

ಬಂಗಾಳದಲ್ಲಿ ರಾಧಾಕೃಷ್ಣರ ಮೂರ್ತಿಗಳನ್ನು ಉಯ್ಯಾಲೆಯಲ್ಲಿ ತೂಗಿ ಅಬೀರ್ ಹಚ್ಚುತ್ತಾರೆ. ಚೈತನ್ಯ ಮಹಾಪ್ರಭು 1486ರ ಫಾಲ್ಗುಣ ಹುಣ್ಣಿಮೆಯಂದು ಹುಟ್ಟಿದ್ದರಿಂದ ಗೌಡೀಯ ವೈಷ್ಣವರಿಗೆ ಇದು ಗೌರ ಪೂರ್ಣಿಮೆಯೂ ಹೌದು. ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಹಾಡು, ನೃತ್ಯ, ಒಣ ಬಣ್ಣಗಳ ಬಸಂತ ಉತ್ಸವ ಬೆಳೆಯಿತು. ಅಸ್ಸಾಮಿನ ಬರಪೇಟಾ ಸತ್ರದ ದೌಲ್ ಉತ್ಸವ ಪ್ರಸಿದ್ಧ. ಮಣಿಪುರದ ಮೈತೇಯಿಗಳು ಹುಲ್ಲಿನ ಗುಡಿಸಲನ್ನು ಸುಟ್ಟು ಯಾವೊಶಾಂಗ್ ಆರಂಭಿಸುತ್ತಾರೆ. ಐದು ದಿನಗಳ ಹಬ್ಬದಲ್ಲಿ ಬೆಳದಿಂಗಳಲ್ಲಿ ಕೈಕೈ ಹಿಡಿದು ಕುಣಿಯುವ ಥಾಬಲ್ ಚೊಂಗ್ಬಾ ಮತ್ತು ಕೇರಿಕೇರಿಯ ಆಟೋಟಗಳು ಮುಖ್ಯ.

ಮಹಾರಾಷ್ಟ್ರದ ಅನೇಕ ಕಡೆ ಬಣ್ಣಕ್ಕೆ ಹುಣ್ಣಿಮೆಯ ನಂತರದ ಐದನೆಯ ದಿನವಾದ ರಂಗಪಂಚಮಿಯೇ ಸೂಕ್ತ ದಿನ. ಕೊಂಕಣದಲ್ಲಿ ಗ್ರಾಮದೇವತೆಯ ಪಲ್ಲಕ್ಕಿ ಮನೆಮನೆಗೆ ಬರುತ್ತದೆ. ಕೇರಳದಲ್ಲಿ ಹಬ್ಬ ಅಷ್ಟು ವ್ಯಾಪಕವಲ್ಲ; ಅಲ್ಲಿನ ಕೊಂಕಣಿ ಮತ್ತು ಕುಡುಂಬಿ ಜನರು ಅರಿಸಿನದ ನೀರಿನಿಂದ ಮಂಜಳ್ ಕುಳಿ ಆಡುತ್ತಾರೆ. ತಮಿಳುನಾಡಿನ ಹಳ್ಳಿಗಳಲ್ಲಿ ಕಾಮನ್ ಪಂಡಿಗೈ ನಡೆದು, ಕಾಮನು ಉರಿದನೋ ಇಲ್ಲವೋ ಎಂದು ಎರಡು ಪಕ್ಷದವರು ಹಾಡಿನಲ್ಲಿ ವಾದಿಸುತ್ತಾರೆ.

ಕರ್ನಾಟಕದ ಕಾಮನ ಹಬ್ಬ

ಕಾಮದಹನದ ಕತೆ ಕನ್ನಡ ನಾಡಿನ ನೆಲಕ್ಕೆ ಅಂಟಿಕೊಂಡಿದೆ. ಹಂಪಿಯ ಹೇಮಕೂಟವೇ ಶಿವ ತಪಸ್ಸು ಮಾಡಿದ ಮತ್ತು ಕಾಮನನ್ನು ಸುಟ್ಟ ಸ್ಥಳ ಎಂದು ಸ್ಥಳಪುರಾಣ ಹೇಳುತ್ತದೆ. ವಿರೂಪಾಕ್ಷ ದೇಗುಲದ ಪಕ್ಕದ ಪುಷ್ಕರಿಣಿಗೆ ಮನ್ಮಥ ಹೊಂಡ ಎಂದೇ ಹೆಸರು. ದೇಗುಲದ ರಂಗಮಂಟಪದ ಮಾಳಿಗೆಯ ಚಿತ್ರಗಳಲ್ಲಿ ಮನ್ಮಥ ಶಿವನಿಗೆ ಬಾಣ ಹೂಡುವ ದೃಶ್ಯವಿದೆ. ಸಾಹಿತ್ಯದಲ್ಲಿಯೂ ಈ ಕತೆಗೆ ಎರಡು ಮುಖ. ಹರಿಹರನ ‘ಗಿರಿಜಾಕಲ್ಯಾಣ’ದಲ್ಲಿ ಕಾಮ ಉರಿಯುತ್ತಾನೆ, ರತಿ ಅಳುತ್ತಾಳೆ. ಆಂಡಯ್ಯನ ‘ಕಬ್ಬಿಗರ ಕಾವ’ದಲ್ಲಿ, ಸೆರೆಯಲ್ಲಿದ್ದ ಚಂದ್ರನಿಗಾಗಿ ಶಿವನ ಮೇಲೆ ದಂಡೆತ್ತಿದ ಕಾಮನೇ ಗೆದ್ದು ಶಿವನನ್ನು ಅರ್ಧನಾರಿಯಾಗಿಸುತ್ತಾನೆ. ಸಂಸ್ಕೃತದ ತತ್ಸಮಗಳನ್ನು ಬಳಸದೆ ಅಚ್ಚಗನ್ನಡದಲ್ಲಿ ಬರೆದ ಕಾವ್ಯವೆಂದು ಇದು ಹೆಸರುವಾಸಿ.

ಉತ್ತರ ಕರ್ನಾಟಕದಲ್ಲಿ ಹಬ್ಬ ಬಹಳ ಜೋರು. ಹುಣ್ಣಿಮೆಗೆ ಕೆಲವು ದಿನ ಮೊದಲೇ ಹುಡುಗರು ಹಲಗೆ ಬಾರಿಸುತ್ತ, ಬಾಯಿ ಬಡಿದುಕೊಂಡು ಕೂಗುತ್ತ ಕಟ್ಟಿಗೆ, ಕುಳ್ಳು ಕೂಡಿಹಾಕುತ್ತಾರೆ. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದೇ ಹೆಚ್ಚಾದರೂ ಆ ದಿನಗಳ ಮಟ್ಟಿಗೆ ಯಾರೂ ಅದನ್ನು ಕಳವು ಎನ್ನುವುದಿಲ್ಲ. ಓಣಿಯಲ್ಲಿ ಕಾಮ ರತಿಯರ ಮೂರ್ತಿ ಕೂರಿಸಿ ಪೂಜೆ ಮಾಡುತ್ತಾರೆ. ಕಾಮನ ಪದ, ಲಾವಣಿಗಳಲ್ಲಿ ಕಾಮದಹನದ ಕತೆಯನ್ನು ಹಾಡುತ್ತಾರೆ. ಕಾಮಣ್ಣನನ್ನು ಸುಟ್ಟ ಮೇಲೆ ಅದೇ ಬೆಂಕಿಯನ್ನು ಮನೆಗೊಯ್ದು ಒಲೆ ಹೊತ್ತಿಸುವುದು, ಅದರಲ್ಲಿ ಕಡಲೆ ಸುಟ್ಟು ತಿನ್ನುವುದು ಹಳೆಯ ರೂಢಿ. ಅಡುಗೆಯಲ್ಲಿ ಹೋಳಿಗೆ, ಕಟ್ಟಿನ ಸಾರು.

ಊರೂರಿನ ವಿಶೇಷಗಳೂ ಉಂಟು. ಬಾಗಲಕೋಟೆಯಲ್ಲಿ ಬಣ್ಣದಾಟ ಒಂದು ದಿನಕ್ಕೆ ಮುಗಿಯುವುದಿಲ್ಲ. ಬ್ಯಾರಲ್‌ಗಳಲ್ಲಿ ಬಣ್ಣದ ನೀರು ತುಂಬಿದ ಬಣ್ಣದ ಬಂಡಿಗಳು ಬೀದಿಗಿಳಿಯುತ್ತವೆ, ಪೇಟೆ ಪೇಟೆಗಳ ನಡುವೆ ಎರಚಾಟ ನಡೆಯುತ್ತದೆ, ವೇಷ ಹಾಕಿದವರ ಸೋಗಿನ ಬಂಡಿಗಳು ಹೊರಡುತ್ತವೆ. ಅಲ್ಲಿನ ಹಲಗೆ ಮೇಳಗಳ ನುಡಿಸಾಣಿಕೆಗೆ ದೊಡ್ಡ ಹೆಸರಿದೆ. ಹುಬ್ಬಳ್ಳಿಯಲ್ಲಿ ಬಣ್ಣಕ್ಕೆ ರಂಗಪಂಚಮಿಯೇ ಮುಖ್ಯ ದಿನ. ಬಂಡಿಯ ಗಾಲಿಯಂಥ ದೊಡ್ಡ ಬಳೆಗೆ ಚರ್ಮ ಬಿಗಿದ ಜಗ್ಗಲಿಗೆಯ ಸದ್ದು ಅಲ್ಲಿನ ಹೋಳಿಯ ಗುರುತು. ಧಾರವಾಡ ಜಿಲ್ಲೆಯ ನವಲಗುಂದದ ರಾಮಲಿಂಗ ಕಾಮಣ್ಣ ಬೇಡಿದ್ದನ್ನು ಕೊಡುವ ದೇವರೆಂದು ನಂಬಿ ದೂರದೂರದ ಭಕ್ತರು ಹರಕೆ ಹೊತ್ತು ಬರುತ್ತಾರೆ. ರಾಣೆಬೆನ್ನೂರಿನಲ್ಲಿ ಇಬ್ಬರು ರತಿ ಮನ್ಮಥರ ವೇಷ ತೊಟ್ಟು ಮೂರ್ತಿಗಳಂತೆ ಕದಲದೆ ಕೂರುತ್ತಾರೆ. ಅವರನ್ನು ನಗಿಸಿದವರಿಗೆ ಬಹುಮಾನ.

ಮಲೆನಾಡು ಮತ್ತು ಕರಾವಳಿಯ ಆಚರಣೆ ಬೇರೆ ಬಗೆಯದು. ಶಿರಸಿಯಲ್ಲಿ ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಬೀದಿಗೆ ಬರುತ್ತದೆ. ನವಿಲುಗರಿಯ ದೊಡ್ಡ ಪ್ರಭಾವಳಿ ಕಟ್ಟಿ, ಕತ್ತಿ ಗುರಾಣಿ ಹಿಡಿದು ರೌದ್ರವಾಗಿ ಕುಣಿಯುವ ಬೇಡನನ್ನು ಹಗ್ಗ ಹಿಡಿದವರು ಹಿಂದಕ್ಕೆಳೆಯುತ್ತಿರುತ್ತಾರೆ. ಹೆಂಗಸರನ್ನು ಪೀಡಿಸುತ್ತಿದ್ದ ಬೇಡನೊಬ್ಬನನ್ನು ರುದ್ರಾಂಬಿಕೆ ಎಂಬವಳು ತನ್ನನ್ನೇ ಪಣವಾಗಿಟ್ಟು ಮುಗಿಸಿದ ಐತಿಹ್ಯ ಇದರ ಹಿಂದಿದೆ. ಅಂಕೋಲೆ, ಕುಮಟೆಗಳ ಹಾಲಕ್ಕಿ ಒಕ್ಕಲಿಗರು ತುರಾಯಿ ಕಟ್ಟಿ ಸುಗ್ಗಿ ಕುಣಿಯುತ್ತಾರೆ. ಉಡುಪಿ ಸೀಮೆಯ ಕುಡುಬಿಯರು ಗುಮಟೆ ಬಾರಿಸುತ್ತ ಮನೆಮನೆಯ ಅಂಗಳದಲ್ಲಿ ಹೋಳಿ ಕುಣಿತ ಮಾಡುತ್ತಾರೆ. ತಾಂಡಾಗಳ ಲಂಬಾಣಿಗರಿಗೆ ಹೋಳಿ ವರ್ಷದ ದೊಡ್ಡ ಹಬ್ಬ. ಅವರ ಲೇಂಗಿ ಹಾಡು ಮತ್ತು ಕುಣಿತಗಳ ಜೊತೆಗೆ, ಹಿಂದಿನ ಹೋಳಿಯಿಂದೀಚೆಗೆ ಹುಟ್ಟಿದ ಗಂಡುಮಗುವಿಗೆ ಮಾಡುವ ಧೂಂಡ್ ಎಂಬ ಶಾಸ್ತ್ರವೂ ಇದೆ.

ಹೊರದೇಶಗಳಲ್ಲಿ

ನೇಪಾಳದಲ್ಲಿ ಇದು ಫಾಗು ಪೂರ್ಣಿಮಾ. ಕಾಠ್ಮಂಡುವಿನ ಬಸಂತಪುರದಲ್ಲಿ ಬಣ್ಣದ ಬಟ್ಟೆಗಳನ್ನು ಕಟ್ಟಿದ ಚೀರ್ ಎಂಬ ಕಂಬ ನೆಟ್ಟಾಗ ಹಬ್ಬ ಮೊದಲಾಗಿ, ಹುಣ್ಣಿಮೆಯಂದು ಅದನ್ನು ಕೆಳಗಿಳಿಸಿ ಸುಡುತ್ತಾರೆ. ಬೆಟ್ಟದ ಜಿಲ್ಲೆಗಳು ಒಂದು ದಿನ, ತರಾಯಿ ಜಿಲ್ಲೆಗಳು ಮರುದಿನ ಬಣ್ಣವಾಡುತ್ತವೆ.

19ನೆಯ ಶತಮಾನದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹೋದ ಭೋಜಪುರಿ ಮತ್ತು ಅವಧಿ ಜನ ಈ ಹಬ್ಬವನ್ನು ಸಮುದ್ರದಾಚೆಗೆ ಒಯ್ದರು. ಅವರು ಮಾರಿಷಸ್‌ಗೆ 1834ರಿಂದ, ಗಯಾನಾಕ್ಕೆ 1838ರಿಂದ, ಟ್ರಿನಿಡಾಡ್‌ಗೆ 1845ರಿಂದ, ಸುರಿನಾಮ್‌ಗೆ 1873ರಿಂದ, ಫಿಜಿಗೆ 1879ರಿಂದ ಹೋಗತೊಡಗಿದರು. ಅಲ್ಲೆಲ್ಲ ಫಗುವಾ ಇಂದಿಗೂ ಜೀವಂತ. ಢೋಲಕ್ ಮತ್ತು ತಾಳದೊಂದಿಗೆ ಎದುರುಬದುರು ಕುಳಿತು ಹಾಡುವ ಚೌತಾಲ್ ಗುಂಪುಗಳು ಊರಿನ ನೆನಪನ್ನು ಕಾದಿಟ್ಟಿವೆ. ಗಯಾನಾ ಮತ್ತು ಸುರಿನಾಮ್‌ಗಳಲ್ಲಿ ಇದು ಸಾರ್ವಜನಿಕ ರಜಾದಿನ.

ಬಣ್ಣ, ಹಾಡು, ಊಟ

ಹಳೆಯ ಬಣ್ಣಗಳು ಗಿಡಮರಗಳಿಂದ ಬಂದವು. ಹೋಳಿಯ ಹೊತ್ತಿಗೆ ಎಲೆಯುದುರಿಸಿ ಕೆಂಪಗೆ ಹೂಬಿಡುವ ಮುತ್ತುಗದ ಹೂಗಳನ್ನು ನೀರಿನಲ್ಲಿ ನೆನೆಸಿ ಅಥವಾ ಕುದಿಸಿ ಕೇಸರಿ ಬಣ್ಣ ತೆಗೆಯುತ್ತಿದ್ದರು. ಉತ್ತರದವರು ಈ ಹೂವನ್ನು ಟೇಸು ಎನ್ನುತ್ತಾರೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಓಕುಳಿಯ ಕೆಂಪು ನೀರು ಸಿದ್ಧ. ಹಿಟ್ಟಿಗೆ ಬಣ್ಣ ಹಾಕಿ ಗುಲಾಲು, ಅಬೀರ್ ಮಾಡುತ್ತಿದ್ದರು. 19ನೆಯ ಶತಮಾನದ ನಡುವಿನ ನಂತರ ಬಂದ ಕೃತಕ ಬಣ್ಣಗಳು ಅಗ್ಗವಾಗಿದ್ದರಿಂದ ಇವುಗಳ ಜಾಗ ಹಿಡಿದವು.

ಹಿಂದುಸ್ತಾನಿ ಸಂಗೀತದಲ್ಲಿ ಹೋಳಿಗೆ ತನ್ನದೇ ಸ್ಥಾನವಿದೆ. ಹದಿನಾಲ್ಕು ಮಾತ್ರೆಗಳ ಧಮಾರ್ ತಾಳದಲ್ಲಿ ಹಾಡುವ ಧಮಾರ್ ಪ್ರಕಾರದ ರಚನೆಗಳ ವಸ್ತು ಬಹುಪಾಲು ಕೃಷ್ಣನ ಹೋಳಿಯೇ. ಠುಮ್ರಿ ಶೈಲಿಯ ಹೋರಿಗಳನ್ನು ಹೆಚ್ಚಾಗಿ ಕಾಫಿ ರಾಗದಲ್ಲಿ ಹಾಡುತ್ತಾರೆ. ವ್ರಜದ ರಸಿಯಾ, ಭೋಜಪುರಿಯ ಫಾಗ್ ಮತ್ತು ಜೋಗೀರಾ ಜನಪದ ರೂಪಗಳು. ಊಟದಲ್ಲಿ ಉತ್ತರದವರಿಗೆ ಖೋವಾ ತುಂಬಿದ ಗುಜಿಯಾ, ಮಾಲ್‌ಪುವಾ, ಥಂಡಾಯಿ. ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ಹೂರಣದ ಹೋಳಿಗೆ.

ಹಬ್ಬದ ಅರ್ಥ

ಹೋಳಿಯ ಮುಖ್ಯ ಲಕ್ಷಣ ಕಟ್ಟುಪಾಡುಗಳ ಸಡಿಲಿಕೆ. ಹಿರಿಯರಿಗೆ ಕಿರಿಯರು, ಯಜಮಾನನಿಗೆ ಆಳು, ಗಂಡನಿಗೆ ಹೆಂಡತಿ ಬಣ್ಣ ಎರಚಬಹುದು. ಅಮೆರಿಕದ ಮಾನವಶಾಸ್ತ್ರಜ್ಞ ಮೆಕಿಮ್ ಮ್ಯಾರಿಯಟ್ ಉತ್ತರ ಪ್ರದೇಶದ ಹಳ್ಳಿಯೊಂದರ ಹೋಳಿಯನ್ನು ನೋಡಿ 1966ರಲ್ಲಿ ಪ್ರಕಟಿಸಿದ ಪ್ರಬಂಧ ಇದನ್ನು ಪ್ರೀತಿಯ ಹಬ್ಬವೆಂದು ಕರೆದು, ವರ್ಷವಿಡೀ ಒಬ್ಬರನ್ನೊಬ್ಬರು ದೂರವಿಡುವ ಜಾತಿ, ವಯಸ್ಸು, ಲಿಂಗದ ಅಂತರಗಳು ಅಂದು ಹೇಗೆ ತಲೆಕೆಳಗಾಗುತ್ತವೆ ಎಂದು ವಿವರಿಸಿತು. ಮಧ್ಯಾಹ್ನದ ಹೊತ್ತಿಗೆ ಆಟ ನಿಲ್ಲಿಸಿ, ಮಿಂದು, ಹೊಸ ಬಟ್ಟೆಯುಟ್ಟು ನೆಂಟರಿಷ್ಟರ ಮನೆಗೆ ಹೋಗಿ ಅಪ್ಪಿಕೊಳ್ಳುವ ಹೋಳಿ ಮಿಲನ್ ಪದ್ಧತಿ ಉತ್ತರದಲ್ಲಿದೆ. ಹಳೆಯ ಜಗಳಗಳನ್ನು ಅಂದಿಗೆ ಮುಗಿಸಬೇಕೆಂಬುದು ಅದರ ಉದ್ದೇಶ. ವರ್ಷದ ಕೊನೆಯಲ್ಲಿ ಬರುವ ಹಬ್ಬಕ್ಕೆ ಇದು ತಕ್ಕ ಆಶಯ.

ಆದರೆ ಈ ಸಮಾನತೆ ಒಂದು ದಿನದ್ದು. ಮರುದಿನ ಅಂತರಗಳು ಹಿಂದಿನಂತೆಯೇ ಉಳಿಯುತ್ತವೆ. ಬಾಯಿಬಿಟ್ಟು ಬೈಯುವ ಸಲಿಗೆ ಬಲವಿಲ್ಲದವರಿಗೆ ಸಿಕ್ಕಾಗ ಅದು ಬಿಡುಗಡೆ. ಬಲವುಳ್ಳವರು ಬಳಸಿಕೊಂಡಾಗ ಅದು ಪೀಡನೆ. ಬರ್ಸಾನಾದಲ್ಲಿ ಕೋಲು ಹೆಂಗಸರ ಕೈಯಲ್ಲಿರುವುದು, ಶಿರಸಿಯಲ್ಲಿ ಬೇಡನನ್ನು ಹಗ್ಗ ಕಟ್ಟಿ ಎಳೆಯುವುದು ನೋಡಿದರೆ, ಈ ಅಪಾಯ ಸಂಪ್ರದಾಯಕ್ಕೂ ಗೊತ್ತಿತ್ತು ಎನ್ನಬೇಕು.

ಇಂದಿನ ಸಮಸ್ಯೆಗಳು

ಕೈಗಾರಿಕೆಯ ಬಣ್ಣಗಳು, ಲೋಹದ ಅಂಶವಿರುವ ಪುಡಿಗಳು ಚರ್ಮಕ್ಕೂ ಕಣ್ಣಿಗೂ ಹಾನಿ ಮಾಡುತ್ತವೆ. ನೀರು ತುಂಬಿದ ಬಲೂನು ಕಣ್ಣಿಗೆ ತಾಗಿದರೆ ದೃಷ್ಟಿಯೇ ಹೋಗಬಹುದು. ಬೆಂಕಿಗೆ ಹಸಿ ಮರ ಕಡಿಯುವ ಬದಲು ಕುಳ್ಳು ಬಳಸುವ ಪ್ರಯತ್ನಗಳು ಅನೇಕ ನಗರಗಳಲ್ಲಿ ನಡೆದಿವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನೀರಿಲ್ಲದೆ ಬಳಲುತ್ತಿದ್ದಾಗ, ಹೋಳಿಯ ಮಳೆನೃತ್ಯ ಮತ್ತು ಈಜುಕೊಳದ ಪಾರ್ಟಿಗಳಿಗೆ ಕಾವೇರಿ ಅಥವಾ ಕೊಳವೆಬಾವಿಯ ನೀರು ಬಳಸಬಾರದೆಂದು ಜಲಮಂಡಳಿ ಸೂಚಿಸಿತು. ಇವೆಲ್ಲಕ್ಕಿಂತ ಗಂಭೀರವಾದದ್ದು ಹಬ್ಬದ ಹೆಸರಿನಲ್ಲಿ ಹೆಂಗಸರ ಮೇಲೆ, ದಾರಿಹೋಕರ ಮೇಲೆ ನಡೆಯುವ ಬಲವಂತ. ಬೇಡವೆಂದವರಿಗೆ ಬಣ್ಣ ಹಚ್ಚುವುದನ್ನು ಯಾವ ಪುರಾಣವೂ ಪುಣ್ಯವೆಂದಿಲ್ಲ.

ಮುತ್ತುಗದ ಹೂ ಈಗಲೂ ಫಾಲ್ಗುಣದಲ್ಲಿಯೇ ಅರಳುತ್ತದೆ. ಅರಿಸಿನ, ಸುಣ್ಣ ಎಲ್ಲರ ಮನೆಯಲ್ಲಿಯೂ ಇವೆ. ಹೋಳಿ ಆಡುವವರು ಎದುರಿನವರ ಒಪ್ಪಿಗೆ ಪಡೆದು, ಮೈಗೆ ಕೇಡಾಗದ ಬಣ್ಣ ಹಿಡಿದು, ಅಂದಿನ ಸಮಾನತೆಯನ್ನು ಮರುದಿನಕ್ಕೂ ಉಳಿಸಿಕೊಂಡರೆ ಹಬ್ಬದ ಉದ್ದೇಶ ಈಡೇರಿದಂತೆ.